ಕರಡಿಯ ಪಿತ್ತ, ಚಿಪ್ಪುಹಂದಿಯ ಚಿಪ್ಪು

ಹಿಂದಿನವರ ಮದ್ದನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ, ಪರೀಕ್ಷೆಯಿಲ್ಲದೆ ನಂಬಲೂಬೇಡಿ. ಚೀನಾದಲ್ಲಿ ಶತಮಾನಗಳಿಂದ ಬಳಕೆಯಲ್ಲಿರುವ ಕರಡಿಯ ಪಿತ್ತವನ್ನೇ ನೋಡಿ. ಅದರಲ್ಲಿ ಅರ್ಸೋಡಿಯಾಕ್ಸಿಕೋಲಿಕ್ ಆಮ್ಲವೆಂಬ ನಿಜವಾದ ಔಷಧಾಂಶವಿದೆ. ಕೆಲವು ಬಗೆಯ ಪಿತ್ತಕೋಶದ ಕಲ್ಲುಗಳನ್ನು ಅದು ಕರಗಿಸುತ್ತದೆ. 1950ರ ದಶಕದಲ್ಲೇ ಜಪಾನಿನ ವಿಜ್ಞಾನಿಗಳು ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಈಗ ಅದು ಔಷಧಿ ಅಂಗಡಿಯಲ್ಲಿ ಮಾತ್ರೆಯಾಗಿ ಸಿಗುತ್ತದೆ, ವೈದ್ಯರ ಚೀಟಿ ಇದ್ದರೆ ಸಾಕು. ಆದರೂ ಕರಡಿಗಳನ್ನು ಪಂಜರದಲ್ಲಿ ಕೂಡಿಹಾಕಿ ಪಿತ್ತ ತೆಗೆಯುವುದು ಇನ್ನೂ ನಿಂತಿಲ್ಲ. ನನ್ನ ಮಟ್ಟಿಗೆ ಇದು ಕ್ಷಮಿಸಲಾಗದ ಕ್ರೌರ್ಯ.

ಚಿಪ್ಪುಹಂದಿಯ ಚಿಪ್ಪಿನ ಕಥೆಯೇ ಬೇರೆ. ಅದು ಬರೀ ಕೆರಾಟಿನ್, ನಮ್ಮ ಉಗುರು, ಕೂದಲಲ್ಲಿರುವಂಥದ್ದೇ. ಆದರೂ ಅದು ಮದ್ದು ಎಂಬ ನಂಬಿಕೆಗೆ ನಮ್ಮ ಕಾಡಿನ ಚಿಪ್ಪುಹಂದಿಗಳೂ ಬಲಿಯಾಗುತ್ತಿವೆ. ಯಾರಾದರೂ ಮಾರಲು ತಂದರೆ ಕೊಳ್ಳಬೇಡಿ. ಅರಣ್ಯ ಇಲಾಖೆಗೆ ತಿಳಿಸಿ.