ಗಣಕಯಂತ್ರದ ನವೀಕರಣ: ಕೆಲವು ಪೂರ್ವಸಿದ್ಧತೆಗಳು

“ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂಬ ಗಾದೆಯನ್ನು ಕೇಳದವರಿಲ್ಲ. ಗಣಕಯಂತ್ರವನ್ನು ಬಳಸುವವರೆಲ್ಲರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಮಾತಿದು. ವಿದ್ಯಾರ್ಥಿಯ ಮೂರು ವರ್ಷಗಳ ಟಿಪ್ಪಣಿ, ಅಧ್ಯಾಪಕರ ಪಾಠದ ಬರಹ, ಸಂಶೋಧನ ಪ್ರಬಂಧದ ಕರಡು ಇವೆಲ್ಲವೂ ಇಂದು ಆ ಪೆಟ್ಟಿಗೆಯೊಳಗೆ ಅಡಗಿರುತ್ತವೆ. ಯಂತ್ರದ ಕಾರ್ಯಾಚರಣ ವ್ಯವಸ್ಥೆಯನ್ನು ಬದಲಾಯಿಸುವಾಗ ತೋರುವ ಅವಸರವು ಇವೆಲ್ಲವನ್ನೂ ಅರೆಗಳಿಗೆಯಲ್ಲಿ ಅಳಿಸಿಹಾಕಬಲ್ಲುದು. ಆದುದರಿಂದ ಆ ಕಾರ್ಯಕ್ಕೆ ಮುನ್ನ ಯಾವ ಸಿದ್ಧತೆಗಳು ಅವಶ್ಯವೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕಾರ್ಯಾಚರಣ ವ್ಯವಸ್ಥೆ ಎಂದರೇನು? ಯಂತ್ರದ ಬಿಡಿಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು, ಯಾರಿಗೆ ಎಷ್ಟು ಸ್ಥಳ, ಯಾರ ಸರದಿ ಯಾವಾಗ ಎಂದು ಗೊತ್ತುಪಡಿಸುವ ಮೇಲ್ವಿಚಾರಕನೇ ಅದು. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ೧೦ ಬಳಕೆಗೆ ಬಂದುದು ೨೦೧೫ರ ಜುಲೈ ೨೯ರಂದು. ವಿಂಡೋಸ್ ೧೧ ಬಂದುದು ೨೦೨೧ರ ಅಕ್ಟೋಬರ್ ೫ರಂದು. ೨೦೨೫ರ ಅಕ್ಟೋಬರ್ ೧೪ಕ್ಕೆ ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು ಮುಗಿಯಿತು. ಇದರಿಂದ ಹಳೆಯ ಯಂತ್ರವು ಕೂಡಲೇ ನಿಂತುಹೋಗುವುದಿಲ್ಲ. ಆದರೆ ಅದರಲ್ಲಿ ಮುಂದೆ ಕಂಡುಬರುವ ದೋಷಗಳಿಗೆ ದುರಸ್ತಿ ದೊರೆಯದು; ಮುರಿದ ಚಿಲಕದ ಮನೆಯಂತೆ ಅದು ಕಳ್ಳರಿಗೆ ತೆರೆದಿರುತ್ತದೆ. ನೋಂದಾಯಿಸಿಕೊಂಡ ಗೃಹಬಳಕೆದಾರರಿಗೆ ಸುರಕ್ಷತೆಯ ದುರಸ್ತಿಗಳನ್ನು ಒಂದು ವರ್ಷ ಮುಂದುವರಿಸುವುದಾಗಿ ಸಂಸ್ಥೆಯು ಆಗ ಘೋಷಿಸಿತಾದರೂ, ಅದು ಗಡುವಿನ ಮುಂದೂಡಿಕೆಯೇ ಹೊರತು ಪರಿಹಾರವಲ್ಲ.

ಪ್ರಥಮತಃ ಯಂತ್ರದ ಯೋಗ್ಯತೆಯನ್ನು ಪರೀಕ್ಷಿಸಬೇಕು. ವಿಂಡೋಸ್ ೧೧ಕ್ಕೆ ಕನಿಷ್ಠ ೧ ಗಿಗಾಹರ್ಟ್ಸ್ ವೇಗದ, ೨ ಕೋರ್‌ಗಳುಳ್ಳ ೬೪ ಬಿಟ್ ಪ್ರೊಸೆಸರ್, ೪ ಜಿ.ಬಿ. ರ‍್ಯಾಮ್, ೬೪ ಜಿ.ಬಿ. ಸಂಗ್ರಹಸ್ಥಳ, ಸೆಕ್ಯೂರ್ ಬೂಟ್ ಸೌಲಭ್ಯ ಮತ್ತು ಟಿ.ಪಿ.ಎಂ. ೨.೦ ಇರಬೇಕು. ಟಿ.ಪಿ.ಎಂ. ಎಂಬುದು ರಹಸ್ಯ ಕೀಲಿಗಳನ್ನು ಕಾಯುವ ಭಾಗ. ಎಷ್ಟೋ ಯಂತ್ರಗಳಲ್ಲಿ ಅದು ಇದ್ದೂ ನಿಷ್ಕ್ರಿಯವಾಗಿರುತ್ತದೆ. ಯಂತ್ರವು ಆರಂಭವಾಗುವಾಗ ಬರುವ ಬಯೋಸ್ ಪುಟದಲ್ಲಿ ಅದನ್ನು ಚಾಲೂ ಮಾಡಬಹುದು. ಪ್ರೊಸೆಸರ್ ಹಳೆಯದಾಗಿದ್ದರೆ ಮಾತ್ರ ಹೀಗೆ ಸುಲಭವಾಗಿ ಸರಿಪಡಿಸಲು ಬಾರದು. ಇವೆಲ್ಲವನ್ನೂ ತಿಳಿಸುವ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಂತ್ರಾಂಶವನ್ನು ಸಂಸ್ಥೆಯೇ ಒದಗಿಸಿದೆ. ಯೋಗ್ಯತೆಯಿಲ್ಲದ ಯಂತ್ರಕ್ಕೆ ಅಡ್ಡದಾರಿಯಿಂದ ಹೊಸ ವ್ಯವಸ್ಥೆಯನ್ನು ತುಂಬುವವರುಂಟು; ಅಂಥವುಗಳಿಗೆ ಮುಂದಿನ ದುರಸ್ತಿಗಳು ದೊರೆಯುವ ಭರವಸೆಯಿಲ್ಲ. ಅದಕ್ಕಿಂತ ಲಿನಕ್ಸ್‌ನಂತಹ ಮುಕ್ತ ವ್ಯವಸ್ಥೆಯನ್ನು ಅಳವಡಿಸಿಕೊಳ್ಳುವುದು ಲೇಸು.

ಎರಡನೆಯದು ನಕಲು ಪ್ರತಿಗಳ ವಿಚಾರ. ನವೀಕರಣವು ಎರಡು ಬಗೆ. ಇದ್ದ ಕಡತಗಳನ್ನು ಉಳಿಸಿಕೊಂಡು ಮೇಲ್ದರ್ಜೆಗೇರಿಸುವುದು ಒಂದು. ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸುವುದು ಇನ್ನೊಂದು. ಮೊದಲನೆಯ ಬಗೆಯಲ್ಲಿ ಕಡತಗಳು ಸಾಮಾನ್ಯವಾಗಿ ಉಳಿಯುತ್ತವೆಯಾದರೂ, ನಡುವೆ ವಿದ್ಯುತ್ತು ಹೋದರೆ ಅಥವಾ ಹಳೆಯ ಹಾರ್ಡ್ ಡಿಸ್ಕ್ ಕೈಕೊಟ್ಟರೆ ಯಾರೂ ಹೊಣೆಯಲ್ಲ. ಆದುದರಿಂದ ಯಂತ್ರದ ಹೊರಗೆ ಎರಡು ಪ್ರತಿಗಳಿರಲಿ. ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಮತ್ತೊಂದು ಬೇರೊಂದು ಸ್ಥಳದಲ್ಲಿ. ‘ಡೆಸ್ಕ್‌ಟಾಪ್’ ಮತ್ತು ‘ಡೌನ್‌ಲೋಡ್ಸ್’ ಎಂಬ ಕಪಾಟುಗಳನ್ನು ಮರೆಯುವುದು ಸಾಮಾನ್ಯ. ಅಂತರ್ಜಾಲದೊಡನೆ ತಾನಾಗಿಯೇ ಹೊಂದಿಕೊಳ್ಳುವ ಸಂಗ್ರಹವನ್ನಷ್ಟೇ ನಂಬತಕ್ಕದ್ದಲ್ಲ; ಇಲ್ಲಿ ಅಳಿಸಿದುದು ಅಲ್ಲಿಯೂ ಅಳಿಯುತ್ತದೆ. ನಕಲು ಮಾಡಿದೆವೆಂದು ಸುಮ್ಮನಾಗದೆ, ಕೆಲವು ಕಡತಗಳನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ಪ್ರತಿ ಇದ್ದೂ ಇಲ್ಲದಂತೆಯೇ ಸರಿ.

ಮೂರನೆಯದು ಕನ್ನಡದಲ್ಲಿ ಬರೆಯುವ ನಮಗೇ ವಿಶೇಷವಾಗಿ ಸಂಬಂಧಿಸಿದ್ದು. ಕನ್ನಡ ಲಿಪಿಗೆ ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ ೧೯೯೧ರಷ್ಟು ಹಿಂದೆಯೇ ಸ್ಥಾನ ದೊರೆತಿದ್ದಿತು. ಆದರೂ ಬಹುಕಾಲ ನಮ್ಮ ಕಛೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡುವುದೇ ರೂಢಿಯಾಗಿತ್ತು. ಅವುಗಳಲ್ಲಿ ಯಂತ್ರದೊಳಗೆ ಸಂಗ್ರಹವಾಗುವುದು ರೋಮನ್ ಅಕ್ಷರಗಳ ಸಂಕೇತವೇ. ಫಾಂಟು ಮಾತ್ರ ಅದಕ್ಕೆ ಕನ್ನಡದ ವೇಷವನ್ನು ತೊಡಿಸುತ್ತದೆ. ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸಿದಾಗ ಆ ಫಾಂಟು ಮಾಯವಾಗುತ್ತದೆ. ಆಗ ಕಡತವು ಉಳಿದಿದ್ದರೂ ತೆರೆದವರಿಗೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಕಡತವೇ ಕೆಟ್ಟಿತೆಂದು ಭಾವಿಸಿ ಅದನ್ನು ಅಳಿಸಿಬಿಡುವ ಅಪಾಯವೂ ಉಂಟು.

ಇದಕ್ಕೆ ಉಪಾಯವಿದೆ. ಹಳೆಯ ಫಾಂಟುಗಳನ್ನೂ ತಂತ್ರಾಂಶದ ಸ್ಥಾಪನಾ ಕಡತವನ್ನೂ ಪ್ರತ್ಯೇಕವಾಗಿ ಕಾದಿರಿಸಬೇಕು. ಮುಖ್ಯ ಬರಹಗಳನ್ನು ಪರಿವರ್ತಕದ ಸಹಾಯದಿಂದ ಯೂನಿಕೋಡ್‌ಗೆ ತರಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳು ತಪ್ಪುವ ಸಂಭವವಿರುವುದರಿಂದ ಕರಡು ತಿದ್ದುವುದು ಅನಿವಾರ್ಯ. ಮೂಲದ ರೂಪ ಉಳಿಯಲೆಂದು ಫಾಂಟು ಸೇರಿದ ಪಿ.ಡಿ.ಎಫ್. ಪ್ರತಿಯೊಂದನ್ನು ಮಾಡಿಡುವುದೂ ಒಳ್ಳೆಯದು. ಯೂನಿಕೋಡ್‌ನಲ್ಲಿ ಬರೆದವರಿಗೆ ಈ ಭಯವಿಲ್ಲ. ಅವರ ಬರಹದ ತುಂಗಾ ಫಾಂಟು ಹೊಸ ಯಂತ್ರದಲ್ಲಿ ಇಲ್ಲದಿದ್ದರೂ, ನಿರ್ಮಲಾ ಎಂಬ ಮತ್ತೊಂದರಲ್ಲಿ ಅದೇ ಬರಹವನ್ನು ಓದಬಹುದು. ಬೇಕಾದವರು ತುಂಗಾವನ್ನು ಐಚ್ಛಿಕ ಸೌಲಭ್ಯಗಳಿಂದ ಸೇರಿಸಿಕೊಳ್ಳಬಹುದು.

ನಾಲ್ಕನೆಯದಾಗಿ ಕೀಲಿಗಳನ್ನು ಕುರಿತು ಎರಡು ಮಾತು. ಬಿಟ್‌ಲಾಕರ್ ಎಂಬ ರಕ್ಷಣೆಯಿರುವ ಯಂತ್ರವು ಬಯೋಸ್‌ನಲ್ಲಿ ಬದಲಾವಣೆಯಾದಾಗ ೪೮ ಅಂಕಿಗಳ ಕೀಲಿಯನ್ನು ಕೇಳಬಹುದು. ಅದು ಇಲ್ಲದಿದ್ದರೆ ಒಡೆಯನಿಗೇ ಬಾಗಿಲು ತೆರೆಯದು. ಆದುದರಿಂದ ಮೊದಲೇ ಅದನ್ನು ಕಾಗದದಲ್ಲಿ ಬರೆದಿಡಬೇಕು. ಬದಲಾವಣೆಯ ಹೊತ್ತಿಗೆ ಆ ರಕ್ಷಣೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು. ಖಾತೆಗಳ ಗುಪ್ತಪದಗಳನ್ನೂ ಕೊಂಡ ತಂತ್ರಾಂಶಗಳ ಪರವಾನಗಿ ಸಂಖ್ಯೆಗಳನ್ನೂ ಹೀಗೆಯೇ ಜೋಪಾನ ಮಾಡತಕ್ಕದ್ದು. ಪ್ರಿಂಟರ್ ಮತ್ತು ಸ್ಕ್ಯಾನರ್‌ಗಳು ಹೊಸ ವ್ಯವಸ್ಥೆಗೆ ಒಗ್ಗುತ್ತವೆಯೇ ಎಂಬುದನ್ನೂ ಅವುಗಳ ತಯಾರಕರಿಂದ ತಿಳಿಯಬೇಕು.

ಕಾರ್ಯದ ದಿನವನ್ನು ಪರೀಕ್ಷೆಗಾಗಲಿ ಪ್ರಬಂಧ ಒಪ್ಪಿಸುವ ದಿನಕ್ಕಾಗಲಿ ಸಮೀಪದಲ್ಲಿ ಇಟ್ಟುಕೊಳ್ಳಬಾರದು. ಡಿಸ್ಕಿನಲ್ಲಿ ಸಾಕಷ್ಟು ತೆರವಿರಲಿ. ವಿದ್ಯುತ್ ಸಂಪರ್ಕ ಭದ್ರವಾಗಿರಲಿ. ಅನಾವಶ್ಯಕ ಉಪಕರಣಗಳನ್ನು ಕಳಚಿಡಿ. ಕಡತಗಳನ್ನು ಉಳಿಸಿಕೊಂಡು ನವೀಕರಿಸಿದವರಿಗೆ, ಹೊಸದು ಒಗ್ಗದಿದ್ದರೆ ಹಿಂದಿನದಕ್ಕೆ ಮರಳಲು ಸಾಮಾನ್ಯವಾಗಿ ೧೦ ದಿನಗಳ ಅವಕಾಶವುಂಟು. ‘ವಿಂಡೋಸ್.ಓಲ್ಡ್’ ಎಂಬ ಕಡತಕೋಶವೇ ಆ ಹಿಂದಿರುಗುವ ದಾರಿ. ಸ್ಥಳ ಉಳಿಸುವ ಆಸೆಯಿಂದ ಅದನ್ನು ಅಳಿಸಿದರೆ ದಾರಿ ಮುಚ್ಚಿದಂತೆಯೇ. ಆ ದಿನಗಳಲ್ಲಿ ಪ್ರತಿಯೊಂದು ಮುಖ್ಯ ಕಡತವನ್ನೂ ತೆರೆದು, ಒಂದು ಪುಟ ಮುದ್ರಿಸಿ, ಕನ್ನಡದಲ್ಲಿ ನಾಲ್ಕು ಸಾಲು ಬರೆದು ಪರೀಕ್ಷಿಸಬೇಕು.

ಕಾರ್ಯಾಚರಣ ವ್ಯವಸ್ಥೆ ಕೆಟ್ಟರೆ ಮತ್ತೆ ತರಬಹುದು; ಯಂತ್ರ ಕೆಟ್ಟರೆ ಹಣ ಕೊಟ್ಟು ಇನ್ನೊಂದನ್ನು ಕೊಳ್ಳಬಹುದು. ನಾವು ಬರೆದುದನ್ನು ಮಾತ್ರ ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ. ಅದರಲ್ಲಿಯೂ ಹಳೆಯ ಫಾಂಟುಗಳಲ್ಲಿ ಕುಳಿತಿರುವ ಕನ್ನಡ ಬರಹವು ಅಳಿಯದೆಯೂ ಕಳೆದುಹೋಗಬಲ್ಲುದು. ಆದುದರಿಂದ ನವೀಕರಣದ ಗುಂಡಿಯನ್ನು ಒತ್ತುವ ಮೊದಲು ಒಂದು ದಿನವನ್ನು ಈ ಸಿದ್ಧತೆಗೆ ಮೀಸಲಿಡುವುದು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಶ್ರೇಯಸ್ಕರ.