ಕೋರ್ಟಿಗೆ ಹೋಗುವ ಮುಂಚೆ ಕಂಪನಿಗೆ ಬರೆದುಕೊಡಲೇಬೇಕೇ?

ಪ್ರಶ್ನೆ: ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಸಂಬಳದಲ್ಲಿ ಪಿಎಫ್ ಹಿಡಿಯುತ್ತಾರೆ, ಆದರೆ ಪಾಸ್‌ಬುಕ್‌ನಲ್ಲಿ ಹಲವು ತಿಂಗಳ ಹಣ ಜಮೆಯೇ ಆಗಿಲ್ಲ. ಇದನ್ನು ಕೇಳಿದ ಮೇಲೆ ನನ್ನನ್ನು ಕೆಲಸದಿಂದ ತೆಗೆಯುವ ಮಾತು ಕೇಳಿಬರುತ್ತಿದೆ. ಮ್ಯಾನೇಜ್‌ಮೆಂಟಿಗೆ ಮೊದಲೇ ಲಿಖಿತ ದೂರು ಕೊಟ್ಟಿರದಿದ್ದರೆ ಕೇಸ್ ನಿಲ್ಲುವುದಿಲ್ಲ ಎನ್ನುತ್ತಾರೆ. ನಿಜವೇ?
– ಒಬ್ಬ ಓದುಗರು, ಶ್ರೀಗಂಧದ ಕಾವಲ್

ಉತ್ತರ: ನಿಜವಲ್ಲ. ಆದರೂ ಬರೆದುಕೊಡಿ, ಇವತ್ತೇ ಬರೆದುಕೊಡಿ.

ಮೊದಲು ಪಿಎಫ್ ವಿಷಯ. ಅದಕ್ಕೆ ಕಂಪನಿಯೊಳಗಿನ ಯಾವ ಮೆಟ್ಟಿಲನ್ನೂ ಹತ್ತಬೇಕಿಲ್ಲ, ಭವಿಷ್ಯನಿಧಿ ಕಚೇರಿಗೆ ನೇರವಾಗಿ ದೂರು ಕೊಡಬಹುದು. ಕಾರ್ಮಿಕರ ಪಾಲು ಹಿಡಿದು ಕಟ್ಟದಿರುವುದು ಕಾನೂನಿನ ಕಣ್ಣಲ್ಲಿ ನಂಬಿಕೆದ್ರೋಹದ ಅಪರಾಧ. ಕಡಿತ ತೋರಿಸುವ ಸಂಬಳದ ಚೀಟಿ, ಅದೇ ತಿಂಗಳ ಜಮೆ ಇಲ್ಲದ ಪಾಸ್‌ಬುಕ್ ಪ್ರಿಂಟ್, ಇವೆರಡನ್ನು ಜೊತೆಗಿಟ್ಟರೆ ಹೆಚ್ಚು ವಾದ ಬೇಕಾಗುವುದಿಲ್ಲ.

ಕೆಲಸ ಹೋದರೆ ದಾರಿ ಬೇರೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು. ತೊಂದರೆಯಾದ ಒಂದು ವರ್ಷದೊಳಗೆ ಅರ್ಜಿ ಕೊಡಬಹುದು, ಸಮಿತಿಗೆ 30 ದಿನಗಳ ಗಡುವು. ಆದರೆ ವಜಾ ಆದವರು ಸಮಿತಿಯ ಬಾಗಿಲಲ್ಲಿ ಕಾಯಬೇಕಾಗಿಲ್ಲ. ಯೂನಿಯನ್ ಇಲ್ಲದಿದ್ದರೂ ಒಬ್ಬರ ವಜಾವನ್ನೇ ಕಾನೂನು ಕೈಗಾರಿಕಾ ವಿವಾದವೆಂದು ಒಪ್ಪುತ್ತದೆ. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಅರ್ಜಿ ಕೊಡಿ. ಇಲಾಖೆಯ ಮುಖ್ಯ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ, ನಿಮ್ಮ ಪ್ರದೇಶದ ಅಧಿಕಾರಿ ಯಾರೆಂದು ಅಲ್ಲಿ ಹೇಳುತ್ತಾರೆ. 45 ದಿನ ಕಳೆದರೂ ರಾಜಿ ಆಗದಿದ್ದರೆ ನೀವೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ವಜಾ ಆದ ಎರಡು ವರ್ಷದೊಳಗೆ ಹೋಗಬೇಕು, ಅಷ್ಟೆ. ಒಂದು ಎಚ್ಚರಿಕೆ: ನೀವು ಸೂಪರ್‌ವೈಸರ್ ಆಗಿದ್ದು ತಿಂಗಳ ವೇತನ 18,000 ರೂಪಾಯಿ ಮೀರಿದ್ದರೆ ಕಾನೂನಿನ ಪ್ರಕಾರ ನೀವು ‘ಕಾರ್ಮಿಕ’ರಲ್ಲ, ಈ ದಾರಿ ನಿಮಗಿಲ್ಲ.

ಲಿಖಿತ ದೂರು ಕೊಟ್ಟ ಮೇಲೆಯೇ ಕೇಸ್ ಎಂಬ ನಿಯಮವನ್ನು ಬ್ರಿಟನ್ ಒಮ್ಮೆ ಮಾಡಿತ್ತು. 2004ರಿಂದ ಅಲ್ಲಿ ನೌಕರರು ಮಾಲೀಕರಿಗೆ ಬರೆದುಕೊಟ್ಟು 28 ದಿನ ಕಾಯಬೇಕಿತ್ತು. ಕೊಟ್ಟ ಕಾಗದ ‘ದೂರು’ ಹೌದೋ ಅಲ್ಲವೋ ಎಂಬುದೇ ಹೊಸ ವ್ಯಾಜ್ಯವಾಯಿತು. 2009ರ ಏಪ್ರಿಲ್‌ನಲ್ಲಿ ಆ ನಿಯಮವನ್ನೇ ಕಿತ್ತುಹಾಕಿದರು.

ಹಾಗಿದ್ದ ಮೇಲೆ ನಾನೇಕೆ ಬರೆಯಿರಿ ಎನ್ನುತ್ತೇನೆ? ನಾಳೆ ಕಂಪನಿ ಹೇಳುವುದು ಒಂದೇ ಮಾತು: ‘ಇವರು ದೂರಿದ್ದು ನಮಗೆ ಗೊತ್ತೇ ಇಲ್ಲ, ಗೈರುಹಾಜರಿಗೆ ತೆಗೆದೆವು.’ ನಿಮ್ಮ ಪತ್ರದ ತಾರೀಖು ಮೊದಲು, ಅವರ ಮೆಮೊ ತಾರೀಖು ಆಮೇಲೆ ಎಂದು ತೋರಿಸಿದರೆ ಆ ಮಾತು ಸಡಿಲವಾಗುತ್ತದೆ. ಪತ್ರ ಕನ್ನಡದಲ್ಲೇ ಇರಲಿ. ಯಾವ ತಿಂಗಳು, ಎಷ್ಟು ಹಿಡಿದರು, ಯಾರನ್ನು ಯಾವಾಗ ಕೇಳಿದಿರಿ, ಇಷ್ಟು ಸಾಕು. ಕಳ್ಳರು, ಮೋಸಗಾರರು ಎಂಬ ಪದ ಬೇಡ, ಅದೇ ನಿಮ್ಮ ಮೇಲೆ ಅಶಿಸ್ತಿನ ಆರೋಪಕ್ಕೆ ದಾರಿಯಾದೀತು. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಆಫೀಸಿನ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಪತ್ರವೊಂದೇ ಕಾಪಾಡುತ್ತದೆ ಎಂದು ಮಾತ್ರ ನಂಬಬೇಡಿ. ನಮ್ಮ ಊರಿನದೇ ಇನ್ಫೋಸಿಸ್‌ನ ಅಮೆರಿಕದ ಉದ್ಯೋಗಿ ಜೇ ಪಾಮರ್ 2010ರಲ್ಲಿ ವೀಸಾ ಬಳಕೆಯ ಬಗ್ಗೆ ಕಂಪನಿಯೊಳಗೇ ಲಿಖಿತ ದೂರು ಕೊಟ್ಟರು, ಮರುವರ್ಷ ಕಿರುಕುಳದ ದಾವೆ ಹೂಡಿದರು. ಅಲಬಾಮಾ ರಾಜ್ಯದ ಕಾನೂನಿನಲ್ಲಿ ಅದಕ್ಕೆ ಪರಿಹಾರವಿಲ್ಲವೆಂದು 2012ರಲ್ಲಿ ದಾವೆ ವಜಾ ಆಯಿತು. ಆದರೆ ವೀಸಾ ವಿಷಯದಲ್ಲಿ ಕಂಪನಿ 2013ರಲ್ಲಿ ಅಮೆರಿಕ ಸರ್ಕಾರಕ್ಕೆ 3.4 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು, ವಂಚನೆಯ ಆರೋಪವನ್ನು ಅಲ್ಲಗಳೆಯಿತು. ನೀವೂ ಹೀಗೆಯೇ ಪಿಎಫ್ ದೂರನ್ನು ಒಂದು ಕಡೆ, ಕೆಲಸದ ವಿವಾದವನ್ನು ಇನ್ನೊಂದು ಕಡೆ ನಡೆಸಿ. ಒಂದು ಬಿದ್ದರೂ ಇನ್ನೊಂದು ನಿಂತೀತು.

ಖಾಸಗಿ ನೌಕರರಿಗಾಗಿ ಅಕ್ರಮ ಬಯಲಿಗೆಳೆದವರನ್ನು ಕಾಯುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಷೇರುಪೇಟೆಯ ಕಂಪನಿಗಳಲ್ಲಿ ಹಾಗೂ ಬ್ಯಾಂಕುಗಳಿಂದ 50 ಕೋಟಿಗಿಂತ ಹೆಚ್ಚು ಸಾಲ ಪಡೆದ ಕಂಪನಿಗಳಲ್ಲಿ ದೂರಿನ ವ್ಯವಸ್ಥೆ ಇರಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ, ನಿಮ್ಮ ಕಂಪನಿ ಆ ಸಾಲಿಗೆ ಸೇರುತ್ತದೆಯೇ ನೋಡಿ. ಸರ್ಕಾರಿ ಆಡಳಿತದ ಅಕ್ರಮಗಳ ವಿಷಯಕ್ಕೆ ಮಾಡಿದ 2014ರ ಕಾಯ್ದೆಯೂ ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ ಜಾರಿಗೆ ಬರದೆ ಉಳಿದಿದೆ. ಗೃಹನಿರ್ಮಾಣ ಸಹಕಾರ ಸಂಘಗಳ ನಿವೇಶನ ಹಂಚಿಕೆಯ ಅಕ್ರಮಗಳನ್ನು ಎತ್ತಿದ್ದ ಲೆಕ್ಕಪರಿಶೋಧನಾ ಅಧಿಕಾರಿ ಎಸ್.ಪಿ. ಮಹಾಂತೇಶ್ ಇದೇ ಬೆಂಗಳೂರಿನಲ್ಲಿ 2012ರ ಮೇ ತಿಂಗಳಲ್ಲಿ ಹಲ್ಲೆಗೊಳಗಾಗಿ ತೀರಿಕೊಂಡರು. ಅದಾದ ಮೇಲೂ ಇಷ್ಟು ವರ್ಷ ಕಾಯ್ದೆಯನ್ನು ಕಪಾಟಿನಲ್ಲಿಟ್ಟಿರುವುದು ಅನ್ಯಾಯ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಕೊನೆಗೆ, ಅತಿ ಮುಖ್ಯವಾದದ್ದು. ಒತ್ತಡ ಹೆಚ್ಚಾದಾಗ ‘ರಾಜೀನಾಮೆ ಬರೆದುಕೊಡಿ, ಬಾಕಿ ಹಣ ಚುಕ್ತಾ ಮಾಡುತ್ತೇವೆ’ ಎನ್ನುತ್ತಾರೆ. ಸಹಿ ಹಾಕಬೇಡಿ. ರಾಜೀನಾಮೆ ಕೊಟ್ಟರೆ ಅದು ವಜಾ ಅಲ್ಲ ಎನ್ನುವ ವಾದಕ್ಕೆ ನೀವೇ ಆಧಾರ ಒದಗಿಸಿದಂತೆ. ಖಾಲಿ ಹಾಳೆಗಂತೂ ಸಹಿಯೇ ಬೇಡ. ಮೆಮೊ ಬಂದರೆ ಅದರಲ್ಲಿ ಕೊಟ್ಟ ಗಡುವಿನೊಳಗೆ ಲಿಖಿತ ಉತ್ತರ ಕೊಡಿ, ಅದರ ಪ್ರತಿಗೂ ಸೀಲು ಹಾಕಿಸಿಕೊಳ್ಳಿ.