ಆ್ಯಂಟ್‌ನಲ್ಲಿ ಫೈಲ್ ಆರಿಸುವುದು ಹೇಗೆ? ಪ್ಯಾಟರ್ನ್‌ಸೆಟ್ ಪರಿಚಯ

ಜಾವಾ ಮಿನಿ ಪ್ರಾಜೆಕ್ಟ್ ಸಬ್ಮಿಟ್ ಮಾಡೋ ವಾರ ನಮ್ಮೆಲ್ಲರ ಫೋಲ್ಡರ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಕೋಡ್, ಕ್ಲಾಸ್ ಫೈಲ್‌ಗಳು, ಟೆಸ್ಟ್‌ಗೆ ಬರೆದ ಪ್ರೋಗ್ರಾಂಗಳು, ಡೇಟಾಬೇಸ್ ಪಾಸ್‌ವರ್ಡ್ ಇರೋ ಪ್ರಾಪರ್ಟೀಸ್ ಫೈಲ್, ಎಲ್ಲ ಕಲಸುಮೇಲೋಗರ. ಜಿಪ್‌ಗೆ ಯಾವುದು ಹೋಗಬೇಕು ಅಂತ ಪ್ರತಿ ಸಲ ಕೈಯಲ್ಲೇ ಆರಿಸುತ್ತಿದ್ದರೆ, ಒಂದಲ್ಲ ಒಂದು ದಿನ ಪಾಸ್‌ವರ್ಡ್ ಕೂಡ ಜೊತೆಗೆ ಹೋಗಿಬಿಡುತ್ತೆ. ಈ ಆರಿಸುವ ಕೆಲಸವನ್ನು ಬಿಲ್ಡ್ ಟೂಲ್‌ಗೆ ಒಪ್ಪಿಸೋದು ಹೇಗೆ ಅಂತ ಅಪಾಚೆ ಆ್ಯಂಟ್ ಇಟ್ಟುಕೊಂಡು ಕಲಿಯೋಣ.

ಆ್ಯಂಟ್ ಅನ್ನು ಜೇಮ್ಸ್ ಡಂಕನ್ ಡೇವಿಡ್‌ಸನ್ ಟಾಮ್‌ಕ್ಯಾಟ್ ಬಿಲ್ಡ್ ಮಾಡೋಕೆ ಅಂತ ಬರೆದರು. 2000ನೇ ಇಸವಿಯಲ್ಲಿ ಅದು ಬೇರೆ ಟೂಲ್ ಆಗಿ ಹೊರಬಂತು. ಇದರ ಬಿಲ್ಡ್ ಫೈಲ್ ಎಕ್ಸ್‌ಎಂಎಲ್‌ನಲ್ಲಿ ಇರುತ್ತೆ. (ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೀಬೇಕು, ಓದೋಕೆ ಸುಲಭ ಆಗಲಿ ಅಂತ ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೀವಿ.)

ಮೊದಲು ಮೂರು ಗುರುತು

? ಅಂದ್ರೆ ಯಾವುದಾದರೂ ಒಂದು ಅಕ್ಷರ. ಲ್ಯಾಬ್?.ಜಾವಾ ಅಂದರೆ ಲ್ಯಾಬ್1.ಜಾವಾ ಸಿಗುತ್ತೆ, ಲ್ಯಾಬ್10.ಜಾವಾ ಸಿಗಲ್ಲ.

* ಅಂದ್ರೆ ಎಷ್ಟು ಅಕ್ಷರ ಬೇಕಾದರೂ, ಆದರೆ ಒಂದು ಫೋಲ್ಡರ್ ಒಳಗೆ ಮಾತ್ರ.

 ** ಅಂದ್ರೆ ಎಷ್ಟು ಹಂತದ ಫೋಲ್ಡರ್ ಬೇಕಾದರೂ. ಸೊನ್ನೆ ಹಂತವೂ ಸೇರಿ.

ಹೆಸರಿಟ್ಟ ಪಟ್ಟಿ

ಫೈಲ್‌ಸೆಟ್ ಅಂದರೆ ಒಂದು ಫೋಲ್ಡರ್ ಮತ್ತು ಅದರಲ್ಲಿ ಯಾವ ಫೈಲ್ ಬೇಕು ಅನ್ನೋ ನಿಯಮ. ಕಾಪಿ ಮಾಡೋಕೆ ಒಂದು ಫೈಲ್‌ಸೆಟ್, ಜಿಪ್ ಮಾಡೋಕೆ ಇನ್ನೊಂದು ಅಂತ ಇಟ್ಟು, ಎರಡರಲ್ಲೂ ಅದೇ ನಿಯಮ ಬರೆದರೆ ತೊಂದರೆ ಅಲ್ಲೇ ಶುರು. ನಾಳೆ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತರೆ ಎರಡೂ ಬೇರೆ ಬೇರೆ ಆಗುತ್ತವೆ. ಆ್ಯಂಟ್ ಯಾವ ಎರರ್ ಕೂಡ ಕೊಡಲ್ಲ. ಅದಕ್ಕೇ ನಿಯಮವನ್ನು ಒಂದು ಕಡೆ ಬರೆದು ಹೆಸರಿಡುತ್ತೇವೆ:

<ಪ್ಯಾಟರ್ನ್‌ಸೆಟ್ ಐಡಿ="ಕಳಿಸುವವು">
<ಇನ್‌ಕ್ಲೂಡ್ ನೇಮ್="**/*.ಜಾವಾ"/>
<ಇನ್‌ಕ್ಲೂಡ್ ನೇಮ್="**/*.ಪ್ರಾಪರ್ಟೀಸ್"/>
<ಎಕ್ಸ್‌ಕ್ಲೂಡ್ ನೇಮ್="**/*ಟೆಸ್ಟ್.ಜಾವಾ"/>
<ಎಕ್ಸ್‌ಕ್ಲೂಡ್ ನೇಮ್="**/ಡಿಬಿ.ಪ್ರಾಪರ್ಟೀಸ್"/>
</ಪ್ಯಾಟರ್ನ್‌ಸೆಟ್>

ಬೇಕಾದ ಕಡೆ ಹೆಸರು ಹೇಳಿದರೆ ಸಾಕು:

<ಫೈಲ್‌ಸೆಟ್ ಡಿರ್="ಎಸ್‌ಆರ್‌ಸಿ">
<ಪ್ಯಾಟರ್ನ್‌ಸೆಟ್ ರೆಫ್‌ಐಡಿ="ಕಳಿಸುವವು"/>
</ಫೈಲ್‌ಸೆಟ್>

ಪ್ಯಾಟರ್ನ್‌ಸೆಟ್‌ನಲ್ಲಿ ಫೋಲ್ಡರ್ ಹೆಸರೇ ಇಲ್ಲ ಅನ್ನೋದನ್ನ ಗಮನಿಸಿ. ಅದು ಬರೀ ನಿಯಮ. ಹಾಗಾಗಿ ಯಾವ ಫೋಲ್ಡರ್‌ಗೆ ಬೇಕಾದರೂ ಹಚ್ಚಬಹುದು. ಒಂದು ಪ್ಯಾಟರ್ನ್‌ಸೆಟ್ ಒಳಗೆ ಇನ್ನೊಂದನ್ನು ರೆಫ್‌ಐಡಿ ಕೊಟ್ಟು ಸೇರಿಸಿ ದೊಡ್ಡ ಪಟ್ಟಿಯನ್ನೂ ಕಟ್ಟಬಹುದು.

ಎಡವೋ ಜಾಗಗಳು

ಗಿಟ್‌ಇಗ್ನೋರ್ ಬಳಸಿ ರೂಢಿ ಆದವರಿಗೆ ಎರಡು ವ್ಯತ್ಯಾಸ ಗೊತ್ತಿರಬೇಕು. ಅಲ್ಲಿ ಡಿಬಿ.ಪ್ರಾಪರ್ಟೀಸ್ ಅಂತಷ್ಟೇ ಬರೆದರೆ ಯಾವ ಹಂತದಲ್ಲಿದ್ದರೂ ಹಿಡಿಯುತ್ತೆ. ಆ್ಯಂಟ್‌ನಲ್ಲಿ ಹಾಗೆ ಬರೆದರೆ ಫೈಲ್‌ಸೆಟ್‌ನ ಮೊದಲ ಹಂತದಲ್ಲಿ ಇರೋದನ್ನ ಮಾತ್ರ. ಒಳಗಿನ ಫೋಲ್ಡರ್‌ನಲ್ಲಿ ಇರೋ ಪಾಸ್‌ವರ್ಡ್ ಆರಾಮಾಗಿ ಜಿಪ್‌ಗೆ ಹೋಗುತ್ತೆ. ಮುಂದೆ **/ ಬೇಕೇ ಬೇಕು. ಎರಡನೆಯದು, ಗಿಟ್‌ಇಗ್ನೋರ್‌ನಲ್ಲಿ ಕೊನೆಗೆ ಹೊಂದಿದ ಸಾಲು ಗೆಲ್ಲುತ್ತೆ. ಆ್ಯಂಟ್‌ನಲ್ಲಿ ಸಾಲುಗಳ ಕ್ರಮ ಲೆಕ್ಕಕ್ಕಿಲ್ಲ, ಯಾವಾಗಲೂ ಎಕ್ಸ್‌ಕ್ಲೂಡ್‌ದೇ ಗೆಲುವು.

ಇನ್ನೊಂದು ಮಾತು: ಇನ್‌ಕ್ಲೂಡ್ ಒಂದೂ ಇಲ್ಲದಿದ್ದರೆ "ಏನೂ ಬೇಡ" ಅಂತ ಅರ್ಥ ಅಲ್ಲ, "ಎಲ್ಲ ಬೇಕು" ಅಂತ. ಇಂಥ ಪಟ್ಟಿಯನ್ನು ಡಿಲೀಟ್ ಟಾಸ್ಕ್‌ಗೆ ಕೊಟ್ಟರೆ, ಎಕ್ಸ್‌ಕ್ಲೂಡ್ ಮಾಡಿದ್ದು ಬಿಟ್ಟು ಬಹುತೇಕ ಎಲ್ಲ ಫೈಲ್ ಅಳಿಸಿಹೋಗುತ್ತೆ. ಡಿಲೀಟ್‌ಗೆ ಕೊಡುವ ಮುಂಚೆ ಅದೇ ಪಟ್ಟಿಯಿಂದ ಒಂದು ಕಾಪಿ ಮಾಡಿ, ಯಾವ ಫೈಲ್ ಬಂತು ಅಂತ ನೋಡೋದು ಒಳ್ಳೇದು.

ಆ್ಯಂಟ್ ಹಳೇದು, ಯಾಕೆ ಕಲೀಬೇಕು ಅಂತ ಕೇಳಬಹುದು. ಆಂಡ್ರಾಯ್ಡ್ ಆ್ಯಪ್‌ಗೆ ನಾವು ಬಳಸೋ ಗ್ರೇಡಲ್‌ನಲ್ಲೂ ಇನ್‌ಕ್ಲೂಡ್, ಎಕ್ಸ್‌ಕ್ಲೂಡ್ ಇದೇ ಆ್ಯಂಟ್ ಶೈಲಿಯಲ್ಲಿ ಇವೆ. ಇಲ್ಲಿ ಕಲಿತದ್ದು ಅಲ್ಲೂ ನಡೆಯುತ್ತೆ.

ನೀವೇ ಮಾಡಿ ನೋಡಿ: ಲ್ಯಾಬ್/*/ಮೇನ್.ಜಾವಾ ಮತ್ತು ಲ್ಯಾಬ್/**/ಮೇನ್.ಜಾವಾ, ಇವೆರಡರಲ್ಲಿ ಲ್ಯಾಬ್/ಮೇನ್.ಜಾವಾ ಫೈಲನ್ನು ಯಾವುದು ಹಿಡಿಯುತ್ತೆ? ಸೊನ್ನೆ ಹಂತ ನೆನಪಿದ್ದರೆ ಉತ್ತರ ಸುಲಭ.